ನಾಲಗೆ ನೋಡಿ ಕುದಿಸಿದ ಕಷಾಯ

ನವಲಗುಂದದ ಎರಿ ಸೀಮೆಯಲ್ಲಿ ನೆಗಡಿಯನ್ನೂ ಬೆಳೆಯ ಲೆಕ್ಕದಲ್ಲೇ ಹೇಳುತ್ತಿದ್ದರು. ಮೃಗಶಿರಾ ಮಳೆಯಲ್ಲಿ ತೊಯ್ದು ಬಂದ ಹುಡುಗರ ನೆಗಡಿ ಒಂದು ಬಗೆ. ಮೂಗು ಸೋರಿ, ನಾಲ್ಕು ಸಲ ಸೀನಿ ತಾನೇ ಹೋಗುವಂಥದ್ದು. ಹಿಂಗಾರಿ ಬಿತ್ತಿಗೆ ಮುಗಿದು, ಶೀಗಿ ಹುಣ್ಣಿಮೆ ದಾಟಿ, ಕಡಲೆ ಹೊಲದ ಮೇಲೆ ಇಬ್ಬನಿ ಕೂಡತೊಡಗಿದ ಮೇಲೆ ಬರುವ ಕೆಮ್ಮು ಇನ್ನೊಂದು ಬಗೆ. ಅದು ಎಳ್ಳ ಅಮವಾಸ್ಯೆಯ ತನಕ ಎದೆ ಬಿಡುತ್ತಿರಲಿಲ್ಲ. ಕಡಲೆ ಹುಳಿ ತರುವ ಹೆಂಗಸರಿಗೆ ಈ ಕೆಮ್ಮು ಖಾಯಂ. ನಸುಕಿನಲ್ಲಿ ಗಿಡಗಳ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಎಳೆದು, ಇಬ್ಬನಿಯ ಜೊತೆ ಎಲೆಯ ಹುಳಿಯನ್ನೂ ಹೀರಿಸಿ, ಗಡಿಗೆಗೆ ಹಿಂಡಿ ತರುತ್ತಿದ್ದರು. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಅದರಂಥ ಮದ್ದಿಲ್ಲವೆಂದು ಊರೆಲ್ಲ ನಂಬಿತ್ತು. ಊರಿನ ಹೊಟ್ಟೆಗೆ ಔಷಧ ತರಲು ಹೋದವರು ಮೊಣಕಾಲ ತನಕ ತೊಯ್ದು, ಮೂಡಗಾಳಿಗೆ ನಡುಗುತ್ತ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವರಿಗೆ ಆಯಿಯ ಕಷಾಯ ಬೇಕಾಗಿರುತ್ತಿತ್ತು.

ಸಂಕ್ರಮಣದ ಆಚೀಚೆ ಮೂರನೆಯ ಬಗೆಯ ಸೀನು ಕೇಳಿಸುತ್ತಿತ್ತು. ಅದು ಮೆಣಸಿನಕಾಯಿಯದು. ಕುಂದಗೋಳ, ಅಣ್ಣಿಗೇರಿ ಕಡೆ ಬೆಳೆದು ಬ್ಯಾಡಗಿ ಪೇಟೆಗೆ ಹೋಗುವ ಕೆಂಪು ಕಾಯಿ ಕಣದ ತುಂಬ ಒಣಗುತ್ತಿರುತ್ತದೆ. ಆರಿಸಲು ಕೂತವರು ಸೆರಗಿನಿಂದ ಮೂಗು ಕಟ್ಟಿಕೊಂಡರೂ ಘಾಟು ಬಿಡುವುದಿಲ್ಲ. ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಪಡಸಾಲೆಯಲ್ಲಿ ಕೂತಲ್ಲಿಂದಲೇ ಹೊರಗಿನ ಸೀನು ಕೇಳಿ ಹೇಳುತ್ತಿದ್ದಳು: ‘ಅದು ಘಾಟಿನ ಸೀನು. ಅದಕ್ಕ ಕಷಾಯ ಬ್ಯಾಡ. ಮಾರಿ ತೊಳಕೊಂಡು, ಬಾಯಿ ಮುಕ್ಕಳಿಸಿ, ಒಂದು ಚೂರು ಬೆಲ್ಲ ತಿನ್ನಂತ ಹೇಳ್ರಿ.’ ಜೋಳದ ರಾಶಿಯ ಧೂಳಿಗೆ ಬರುವ ಒಣಕೆಮ್ಮಿಗೂ ಅವಳು ಮೆಣಸಿನ ಕಷಾಯ ಕೊಡುತ್ತಿರಲಿಲ್ಲ. ಉರಿಯುವ ಗಂಟಲಿಗೆ ಮತ್ತೆ ಉರಿ ಯಾಕೆ ಎಂಬುದು ಅವಳ ಪ್ರಶ್ನೆ. ಒಂದು ತುಂಡು ಜೇಷ್ಠಮಧು ಕೊಟ್ಟು ಬಾಯಲ್ಲಿ ಇಟ್ಟುಕೊಳ್ಳಲು ಹೇಳಿ ಕಳಿಸುವಳು.

ಕಷಾಯ ಬೇಕೆಂದು ಯಾರೇ ಬರಲಿ, ಆಯಿ ತಟ್ಟನೆ ಎದ್ದು ಒಲೆ ಹೊತ್ತಿಸಿದ್ದನ್ನು ನಾನು ಕಾಣೆ. ಮೊದಲು ಎದುರಿಗೆ, ಬೆಳಕಿಂಡಿಯ ಬೆಳಕು ಮುಖಕ್ಕೆ ಬೀಳುವಂತೆ ಕೂಡಿಸಿಕೊಳ್ಳುವಳು. ಕೈಯ ಹಿಂಬದಿಯನ್ನು ಕುತ್ತಿಗೆಗೆ ಹಚ್ಚಿ ನೋಡುವಳು. ‘ನಾಲಿಗಿ ಚಾಚು’ ಎನ್ನುವಳು. ಆಮೇಲೆ ಒಂದೊಂದೇ ಪ್ರಶ್ನೆ. ‘ಕೆಮ್ಮು ರಾತ್ರಿ ಹೆಚ್ಚೋ, ಹಗಲಿಗೋ? ಕಫ ಬರತೈತೋ, ಬರೇ ಕೆರತಾನೋ? ಏನರೆ ಉಂಡೀಯೋ, ಹಸದ ಹೊಟ್ಟೀಲೆ ಬಂದೀಯೋ? ಹೊರಕಡಿ ಹೋಗಿ ಬಂದೀಯೇನು?’ ಬಸುರಿ ಹೆಂಗಸು ಬಂದರೆ ಜೀರಿಗೆ, ಹವೀಜ ಬಿಟ್ಟು ಬೇರೇನೂ ಇಲ್ಲ. ಮೂಲವ್ಯಾಧಿ ಇದ್ದ ಮುದುಕರಿಗೆ ಮೆಣಸಿಲ್ಲ. ಎದೆಯುರಿಯ ಮನುಷ್ಯನಿಗೆ ಶುಂಠಿ ಅರ್ಧ, ಹವೀಜ ದುಪ್ಪಟ್ಟು. ಒಂದೇ ಮನೆಯ ಮೂವರು ಒಂದೇ ದಿನ ಕೆಮ್ಮುತ್ತ ಬಂದರೆ ಮೂರು ತರಹ ಕುದಿಸಿದ್ದೂ ಉಂಟು. ಅಡಿಗೆಮನೆಯ ಕೆಲಸ ಮೂರು ಪಟ್ಟು ಆಯಿತೆಂದು ಅವ್ವ ಒಳಗೊಳಗೇ ಬೇಸರ ಪಟ್ಟುಕೊಳ್ಳುತ್ತಿದ್ದಳು. ಆಯಿ ಅದಕ್ಕೆ ಕಿವಿಗೊಡುತ್ತಿರಲಿಲ್ಲ.

ಆಯಿಯ ಡಬ್ಬಿಯಲ್ಲಿದ್ದ ಸಾಮಾನು ಬಹಳ ಏನಿಲ್ಲ. ಹವೀಜ ನಮ್ಮದೇ ಹೊಲದ್ದು. ಹಿಂಗಾರಿಯಲ್ಲಿ ಕಡಲೆಯ ನಡುವೆ ಅಕ್ಕಡಿ ಸಾಲಿಗೆ ಒಂದಿಷ್ಟು ಕೊತ್ತಂಬರಿ ಬಿತ್ತುವುದು ನಮ್ಮ ಕಡೆಯ ರೂಢಿ, ಅದರ ಬೀಜ ವರ್ಷದ ಸಾರಿನಪುಡಿಗೂ ಆಗುತ್ತಿತ್ತು, ಕಷಾಯಕ್ಕೂ ಆಗುತ್ತಿತ್ತು. ಜೀರಿಗೆ, ಒಣಶುಂಠಿ, ಕರಿಮೆಣಸು, ಅಜವಾನ, ಲವಂಗ ಪೇಟೆಯ ಕಿರಾಣಿ ಅಂಗಡಿಯವು. ಅರಿಷಿಣದ ಕೊಂಬು, ಹೆಂಟೆ ಬೆಲ್ಲ ಮನೆಯಲ್ಲಿ ಇದ್ದೇ ಇರುತ್ತಿದ್ದವು. ಹಸಿ ಎಲೆಯೆಂದರೆ ಕಟ್ಟೆಯ ತುಳಸಿ ಒಂದೇ. ಬೇಸಿಗೆಯಲ್ಲಿ ಅಂಗೈ ಅಗಲ ಬಿರಿಯುವ ಕರಿಮಣ್ಣಿನ ಊರದು; ಹಿತ್ತಲಲ್ಲಿ ಜಾಲಿ, ಬೇವು ಬಿಟ್ಟು ಹೆಚ್ಚೇನೂ ಇರಲಿಲ್ಲ. ಬಾವಿಯ ನೀರೂ ಸವಳು. ಆ ನೀರಲ್ಲಿ ಕುದಿಸಿದ ಕಷಾಯಕ್ಕೆ ರುಚಿಯೇ ಬೇರೆ, ಬೆಲ್ಲ ಎಷ್ಟು ಹಾಕಿದರೂ ನಾಲಗೆಗೆ ಉಪ್ಪುಪ್ಪು. ಅದಕ್ಕೆ ಆಯಿ ಕುಡಿಯಲು ತಂದಿಟ್ಟ ಕೆರೆ ನೀರನ್ನೇ ತೆಗೆದುಕೊಳ್ಳುವಳು. ಕೆರೆ ನೀರು ಒಂದು ಕೊಡ ತರಬೇಕೆಂದರೆ ಎಷ್ಟು ನಡಿಗೆಯೆಂದು ಗೊತ್ತಿದ್ದವರಿಗೆ ಆ ಒಂದು ವಾಟಗಾ ಕಷಾಯದ ಬೆಲೆ ಗೊತ್ತಿತ್ತು. ಮಲಪ್ರಭಾ ಕಾಲುವೆಯ ನೀರು ಬಂದು ಕೆರೆಗಳು ತುಂಬತೊಡಗಿದ್ದು ಆಮೇಲಿನ ಮಾತು.

ಅಳತೆ ನನಗೆ ಬಾಯಿಪಾಠ. ಹವೀಜ ನಾಲ್ಕು ಪಾಲು, ಜೀರಿಗೆ ಎರಡು, ಒಣಶುಂಠಿ ಒಂದು, ಮೆಣಸು ಅರ್ಧ. ಹವೀಜ, ಜೀರಿಗೆಯನ್ನು ಹಂಚಿನ ಮೇಲೆ ಬೆಚ್ಚಗೆ ಮಾಡಬೇಕು. ಬಣ್ಣ ತಿರುಗುವಂತೆ ಹುರಿದರೆ ಅದು ಸಾರಿನಪುಡಿಯಾಗುತ್ತದೆ. ಶುಂಠಿಯನ್ನು ಕಲಬತ್ತದಲ್ಲಿ ಮೊದಲು ಜಜ್ಜಬೇಕು, ಉಳಿದದ್ದು ಆಮೇಲೆ. ನುಣ್ಣಗೆ ಮಾಡಕೂಡದು, ತರಿತರಿಯಾಗಿಯೇ ಇರಬೇಕು. ನುಣ್ಣನೆಯ ಪುಡಿ ಸೋಸಿದರೂ ಉಳಿದು ಗಂಟಲಿಗೆ ಹತ್ತುತ್ತದೆ. ನಮ್ಮ ಒಲೆಗೆ ಕಟ್ಟಿಗೆಯೆಂದರೆ ಜಯಧರ ಹತ್ತಿಯ ಕಟಗಿ, ಜೊತೆಗೆ ಕುಳ್ಳು. ಹತ್ತಿಕಟಗಿ ಭುಗ್ಗನೆ ಉರಿದು ಬೇಗ ಆರುವಂಥದ್ದು, ಕುಳ್ಳಿನ ಕೆಂಡ ಸಾವಕಾಶ. ಆಯಿ ಮೊದಲು ಕಟಗಿಯ ಉರಿಯಲ್ಲಿ ಒಂದು ಕುದಿ ತಂದು, ಬೋಗುಣಿಯನ್ನು ಕೆಂಡಕ್ಕೆ ಸರಿಸಿ, ಎರಡು ವಾಟಗಾ ನೀರು ಒಂದಕ್ಕೆ ಇಳಿಯುವವರೆಗೆ ಕಾಯುವಳು. ಬೆಲ್ಲ ಕೊನೆಗೆ. ಸೋಸಿದ ಮೇಲೆ ಹಾಲು ಬೇಕೆನ್ನುವವರಿಗೆ ಒಂದು ಚಮಚ ಹಾಲು, ಆದರೆ ಕಫ ಇದ್ದವರು ಕೇಳಿದರೂ ಕೊಡುತ್ತಿರಲಿಲ್ಲ. ಕುಡಿದವರ ಮೇಲೆ ಕೌದಿ ಹೊದಿಸಿ ಅಲ್ಲೇ ಒಂದು ಗಳಿಗೆ ಕೂಡಿಸುವಳು. ಬೆವರು ಬಂದ ಮೇಲೆ ಒಣ ಬಟ್ಟೆಯಲ್ಲಿ ಬೆನ್ನು ಒರೆಸಿಯೇ ಹೊರಗೆ ಬಿಡುತ್ತಿದ್ದುದು. ಚಹಾ ಕುಡಿದಂತೆ ನಿಂತು ಕುಡಿದು ಹೊರಡುವುದು ಅವಳಿಗೆ ಸುತರಾಂ ಆಗಿ ಬರುತ್ತಿರಲಿಲ್ಲ.

ಅವ್ವನ ತವರು ಕಲಘಟಗಿ ಕಡೆ. ಜಿಲ್ಲೆ ಒಂದೇ, ನೆಲ ಪೂರಾ ಬೇರೆ. ಭತ್ತದ ಗದ್ದೆ, ಕೆಮ್ಮಣ್ಣು, ಬೇಡ್ತಿಯ ಕಡೆಗೆ ಹೋದಂತೆ ದಟ್ಟವಾಗುವ ಕಾಡು. ಆಷಾಢದಲ್ಲಿ ಹಿಡಿದ ಜಿಟಿಜಿಟಿ ಮಳೆ ವಾರವಾದರೂ ಬಿಡದು. ಅಲ್ಲಿ ಚಿಗವ್ವನ ಹಿತ್ತಲೇ ಕಷಾಯದ ಡಬ್ಬಿ. ಬಚ್ಚಲ ನೀರು ಹರಿಯುವಲ್ಲಿ ಮಜ್ಜಿಗೆ ಹುಲ್ಲು, ದೊಡ್ಡಪತ್ರೆ, ಬೇಲಿಯಲ್ಲಿ ಆಡುಸೋಗೆ, ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ಹಸಿಶುಂಠಿ, ಹಸಿ ಅರಿಷಿಣ ಅಗೆದಷ್ಟು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಹಾಯ್ದು ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ರಸ್ತೆ ಊರಿಗೆ ಹತ್ತಿರ. ಒಂದು ಕಾಲಕ್ಕೆ ನಮ್ಮ ಎರಿ ಸೀಮೆಯ ಹತ್ತಿ ಇದೇ ದಿಕ್ಕಿನಲ್ಲಿ ಬಂದರಿಗೆ ಇಳಿಯುತ್ತಿತ್ತು, ಘಟ್ಟದ ಮೆಣಸು, ತೆಂಗು, ಉಪ್ಪು ಮೇಲೆ ಬರುತ್ತಿದ್ದವು. ಚಿಗವ್ವನ ಮನೆಯ ಮೆಣಸು ಯಲ್ಲಾಪುರ ಕಡೆಯದು, ದಪ್ಪ ಕಾಳು, ಎರಡು ಕಾಳಿಗೇ ಕಣ್ಣಲ್ಲಿ ನೀರು. ಕಫದ ಕೆಮ್ಮಿಗೆ ಆಕೆ ಆಡುಸೋಗೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಕಲಸಿ ಕೊಡುತ್ತಿದ್ದಳು. ಕಹಿಯೆಂದರೆ ಕಹಿ. ಆ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್, ಆಮೇಲೆ ಆಂಬ್ರಾಕ್ಸಾಲ್ ಎಂಬ ಕಫ ಕರಗಿಸುವ ಔಷಧಗಳನ್ನು ತಯಾರಿಸಿದರೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಔಷಧದ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲೆ ಆ ಹೆಸರು ಕಂಡಾಗಲೆಲ್ಲ ಕಲಘಟಗಿಯ ಬೇಲಿ ಕಣ್ಣಿಗೆ ಬರುತ್ತದೆ.

ಆಯಿ ಮತ್ತು ಚಿಗವ್ವ ಒಂದೇ ಮನೆಯಲ್ಲಿ ಕೂಡಿದ್ದು ನನ್ನ ಅಕ್ಕನ ಬಾಣಂತನದಲ್ಲಿ. ಕೂಡಿದ ಮರುದಿನವೇ ತುಳಸಿಯ ಮೇಲೆ ವಾದ ಬಿತ್ತು. ಆಯಿ ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸುವಾಕೆ. ‘ಎಲಿ ಕುದಿಸಿದ್ರ ಅದರ ಜೀವಾನ ಹಾರಿ ಹೋಗತೈತ್ರಿ ಅತ್ತಿ’ ಎಂದು ಚಿಗವ್ವ. ‘ಕುದೀದ ಎಲ್ಯಾಗಿಂದ ಏನ ಬಂದೀತ ನಮ್ಮವ್ವಾ’ ಎಂದು ಆಯಿ. ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಆಯುರ್ವೇದ ಓದಿದ ನಮ್ಮ ಸೋದರಮಾವನ ಮಗ ಮುಂದೊಮ್ಮೆ ಇಬ್ಬರ ಮಾತಿಗೂ ಶಾಸ್ತ್ರದಲ್ಲಿ ಜಾಗವಿದೆಯೆಂದು ತಿಳಿಸಿ ಹೇಳಿದ. ಶಾರ್ಙ್ಗಧರ ಸಂಹಿತೆಯ ಪ್ರಕಾರ ಕ್ವಾಥವೆಂದರೆ ಜಜ್ಜಿದ ಮೂಲಿಕೆಗೆ 16 ಪಟ್ಟು ನೀರು ಹಾಕಿ, ಎಂಟರಲ್ಲಿ ಒಂದು ಪಾಲು ಉಳಿಯುವವರೆಗೆ ಇಳಿಸುವುದು. ಬೇರು, ತೊಗಟೆ, ಶುಂಠಿಯಂಥ ಗಟ್ಟಿ ಪದಾರ್ಥದ ಸತ್ವ ಹಾಗೆಯೇ ಬಿಡಬೇಕು. ಫಾಂಟವೆಂದರೆ ಕಾದ ನೀರನ್ನು ಮೂಲಿಕೆಯ ಮೇಲೆ ಹಾಕಿ, ನೆನೆಯಲು ಬಿಟ್ಟು ಸೋಸುವುದು. ಹಗುರವಾದ, ಪರಿಮಳದ ಪದಾರ್ಥಗಳಿಗೆ ಆ ಹಾದಿ. ತುಳಸಿಯಲ್ಲಿರುವ ಯೂಜಿನಾಲ್, ಅಜವಾನದ ಥೈಮಾಲ್ ಇವೆಲ್ಲ ಆವಿಯ ಜೊತೆ ಹಾರುವ ಎಣ್ಣೆಗಳು. ಚಿಗವ್ವ ಪುಸ್ತಕ ಮುಟ್ಟಿದವಳಲ್ಲ, ಮೂಗಿನಿಂದಲೇ ಇದನ್ನು ಕಂಡುಕೊಂಡಿದ್ದಳು. ಬಾಣಂತಿಯ ಕೋಣೆಯಲ್ಲಿ ಕಡೆಗೆ ನಡೆದದ್ದು ಏನೆಂದರೆ, ಶುಂಠಿ, ಹವೀಜ ಆಯಿಯ ಕೈಯಲ್ಲಿ ಕುದಿದವು, ಬೋಗುಣಿ ಇಳಿಸಿದ ಮೇಲೆ ಚಿಗವ್ವ ತುಳಸಿ ಹರಿದು ಹಾಕಿ ತಾಟು ಮುಚ್ಚಿದಳು. ನಾನು ಇವತ್ತಿಗೂ ಹಾಗೆಯೇ ಮಾಡುತ್ತೇನೆ.

ಇದರಿಂದ ನೆಗಡಿ ವಾಸಿಯಾಗುತ್ತದೆಯೇ ಎಂದು ಕೇಳಿದರೆ, ಇಲ್ಲ. ನೆಗಡಿ ವೈರಸ್ಸಿನದು, ಅದು ತನ್ನ ವಾರ ಮುಗಿಸಿಯೇ ಹೋಗುತ್ತದೆ. ಆದರೆ ಆ ವಾರವನ್ನು ಹೇಗೆ ಕಳೆಯುತ್ತೇವೆ ಎಂಬುದು ಸಣ್ಣ ಮಾತಲ್ಲ. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ನೆಗಡಿ ಸಂಶೋಧನಾ ಕೇಂದ್ರದವರು 30 ಮಂದಿ ನೆಗಡಿಯವರಿಗೆ ಹಣ್ಣಿನ ಪಾನಕವನ್ನು ಬಿಸಿ ಮಾಡಿ ಮತ್ತು ಹಾಗೆಯೇ ತಣ್ಣಗೆ ಕೊಟ್ಟು ಪರೀಕ್ಷಿಸಿದ್ದರು. ಬಿಸಿ ಕುಡಿದವರಿಗೆ ಸೀನು, ಸೋರುವ ಮೂಗು, ಕೆಮ್ಮು, ಗಂಟಲು ಕೆರೆತ, ಚಳಿ, ದಣಿವು ಎಲ್ಲದರಲ್ಲೂ ಕೂಡಲೇ ಹಾಯೆನಿಸಿತ್ತು. ಬರೀ ಬಿಸಿಗೇ ಅಷ್ಟು ಗುಣವಿದ್ದರೆ ಶುಂಠಿ, ಮೆಣಸಿನ ಖಾರ ಬಾಯಲ್ಲಿ ನೀರೂರಿಸಿ, ಮೂಗಿನ ಕಟ್ಟು ಸಡಿಲಿಸುವುದು ಅದರ ಮೇಲಿನ ಲಾಭ. ಹಸಿಶುಂಠಿ ಒಣಗುವಾಗ ಅದರ ಜಿಂಜರಾಲ್ ಇನ್ನೂ ಖಾರವಾದ ಶೋಗಾಲ್ ಆಗಿ ಬದಲಾಗುತ್ತದೆ. ಒಣಶುಂಠಿಯನ್ನು ಆಯಿ ಅಷ್ಟು ಜೋಪಾನವಾಗಿ, ಉಗುರಿನಷ್ಟೇ ಬಳಸುತ್ತಿದ್ದುದು ಸುಮ್ಮನೆ ಅಲ್ಲ.

ಆಯಿ ಒಲೆ ಹೊತ್ತಿಸಲು ಒಪ್ಪದ ಒಂದು ರಾತ್ರಿ ನನ್ನ ನೆನಪಿನಲ್ಲಿ ಗಟ್ಟಿಯಾಗಿ ನಿಂತಿದೆ. ನನ್ನ ಕಿರಿಯ ತಮ್ಮ ಆಗ ತೊಟ್ಟಿಲಲ್ಲಿದ್ದ. ನೆಗಡಿಯಿಂದ ಶುರುವಾಗಿ ಮೂರನೆಯ ದಿನಕ್ಕೆ ಮೈ ಕಾದ ಹಂಚು. ಅವ್ವ ಅಜವಾನದ ಗಂಟು ಕಾಸಿ ಎದೆಗೆ ಶಾಖ ಕೊಡುತ್ತಿದ್ದಳು. ಆಯಿ ಅಂಗಿ ಬಿಚ್ಚಿಸಿ, ಚಿಮಣಿಯನ್ನು ಹತ್ತಿರ ಹಿಡಿದು, ಮಗುವಿನ ಎದೆಯನ್ನೇ ನೋಡುತ್ತ ಕೂತಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಹೋಗುತ್ತಿತ್ತು. ‘ಗಾಡಿ ಕಟ್ಟು’ ಎಂದಳು ಅಪ್ಪನಿಗೆ. ಹೊರಗೆ ನಮ್ಮಲ್ಲಿ ಮಳೆ ನಿಂತಿತ್ತು, ಆದರೆ ಹುಬ್ಬಳ್ಳಿ, ಕುಂದಗೋಳ ಕಡೆ ಸುರಿದಿರಬೇಕು, ಬೆಣ್ಣಿಹಳ್ಳ ಏರಿತ್ತು. ಈ ಹಳ್ಳದ ಸ್ವಭಾವವೇ ಹಾಗೆ, ಮೇಲೆ ಬಿದ್ದ ಮಳೆಗೆ ಕೆಳಗಿನವರ ದಾರಿ ಕಟ್ಟುತ್ತದೆ. ಸುತ್ತುದಾರಿಯಲ್ಲಿ ಎರಿಯ ರಾಡಿ ಗಾಲಿಗೆ ಮೆತ್ತಿಕೊಂಡು ಎತ್ತುಗಳು ಹೆಜ್ಜೆ ಕೀಳದಾದವು. ಅಪ್ಪ, ಕಾಕಾ, ಓಣಿಯ ಇಬ್ಬರು ಸರದಿಯಲ್ಲಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು, ಡಾಂಬರು ರಸ್ತೆ ಮುಟ್ಟಿಸಿ, ಬೆಳಗಾಗುವ ಮೊದಲು ನವಲಗುಂದದ ದವಾಖಾನೆ ಸೇರಿದರು. ನ್ಯುಮೋನಿಯಾ. ಇಂಜೆಕ್ಷನ್ನು, ಸಲೈನು ಆಗಿ ತಮ್ಮ ಉಳಿದ. ಓಣಿಯವರು ಬಂದು, ನಿಮ್ಮ ಕಷಾಯ ಯಾಕೆ ಕುಡಿಸಲಿಲ್ಲ ಎಂದಾಗ ಆಯಿ ಹೇಳಿದ ಮಾತು: ‘ನನ್ನ ಕಷಾಯ ಮೂಗು, ಗಂಟಲಿಗೆ. ಎದಿಗೂಡಿನೊಳಗ ಹೊಕ್ಕದ್ದಕ್ಕ ಅಲ್ಲ.’

ಈ ಗಡಿ ಅವಳಿಗೆ ಎಲ್ಲಿಂದ ಗೊತ್ತಾಯಿತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. 1918ರ ಇನ್‌ಫ್ಲುಯೆಂಜಾ ಮುಂಬೈ ಬಂದರಿನಲ್ಲಿ ಕಾಣಿಸಿಕೊಂಡು ರೈಲಿನ ಹಾದಿ ಹಿಡಿದು ಒಳನಾಡಿಗೆ ಹರಡಿದಾಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಆ ಪ್ರಾಂತ್ಯಕ್ಕೆ ಬಿದ್ದ ಪೆಟ್ಟು ದೇಶದಲ್ಲೇ ದೊಡ್ಡ ಪೆಟ್ಟುಗಳಲ್ಲೊಂದು. ಆಯಿ ಹುಟ್ಟುವ ಮೊದಲಿನ ಕಾಲ ಅದು. ಅವಳ ತಾಯಿ ಕಣ್ಣಾರೆ ಕಂಡದ್ದನ್ನು ಇವಳಿಗೆ ಹೇಳಿದ್ದಳಂತೆ. ಮನೆಮನೆಯಲ್ಲೂ ಕಷಾಯ ಕುದಿಯುತ್ತಿತ್ತು, ಮನೆಮನೆಯಿಂದಲೂ ಹೆಣ ಹೊರಡುತ್ತಿತ್ತು ಎಂದು. ಆ ಮಾತು ಕೇಳಿ ಬೆಳೆದವಳು ಕಷಾಯಕ್ಕೆ ಅದರ ಕೆಲಸಕ್ಕಿಂತ ಹೆಚ್ಚಿನ ಭಾರ ಹೊರಿಸಲಿಲ್ಲ.

2020ರಲ್ಲಿ ಅವಳಿರಲಿಲ್ಲ. ಆ ವರ್ಷ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಯ ಕಷಾಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯಿರಿ ಎಂದು ಸಲಹೆ ಹೊರಡಿಸಿತು. ಇದು ರೋಗನಿರೋಧಕ ಶಕ್ತಿಗೆ, ಕೊರೋನಾಕ್ಕೆ ಚಿಕಿತ್ಸೆಯಲ್ಲ ಎಂಬುದೂ ಅದರಲ್ಲಿತ್ತು. ಧಾರವಾಡದ ನಮ್ಮ ಓಣಿಯಲ್ಲಿ ಆ ಎರಡನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಬೆಳಗಿಗೊಂದು ಬೋಗುಣಿ, ಮಧ್ಯಾಹ್ನಕ್ಕೊಂದು, ಮಲಗುವಾಗ ಇನ್ನೊಂದು. ಅಲ್ಸರ್ ಇದ್ದ ಹಿರಿಯರು ಬಾಯಿಹುಣ್ಣು, ಎದೆಯುರಿಯಿಂದ ಒದ್ದಾಡಿದರು. ಬಿಪಿ ಇದ್ದವರು ಜೇಷ್ಠಮಧು ಹೆಚ್ಚು ಹಾಕಿಕೊಂಡರು. ಅತಿಯಾದರೆ ಅದು ರಕ್ತದೊತ್ತಡ ಏರಿಸುತ್ತದೆ. ಅಮೃತಬಳ್ಳಿಯನ್ನು ದಿನವೂ ತಿಂದವರಲ್ಲಿ ಕೆಲವರಿಗೆ ಯಕೃತ್ತಿನ ತೊಂದರೆ ಕಂಡುದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು; ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಚರ್ಚೆ ಏನೇ ಇರಲಿ, ನನಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ಊರಿಗೆಲ್ಲ ಒಂದೇ ಚೀಟಿ ಬಂತು, ಎಲ್ಲರೂ ಅದನ್ನೇ ಕುದಿಸಿದರು, ಕುಡಿಯುವವರು ಯಾರು ಎಂದು ನೋಡುವವರು ಇರಲಿಲ್ಲ. ಆಯಿಯ ವಿದ್ಯೆಯಲ್ಲಿ ಮೆಣಸು, ಶುಂಠಿ ಕಾಲು ಪಾಲು. ಉಳಿದ ಮುಕ್ಕಾಲು ಬೆಳಕಿಂಡಿಯ ಕೆಳಗೆ ಕೂಡಿಸಿಕೊಂಡು ನೋಡುವುದರಲ್ಲಿತ್ತು. ಪುಡಿ ಪ್ಯಾಕೆಟ್ಟಿನಲ್ಲಿ ಬಂತು, ಆ ಮುಕ್ಕಾಲು ಬರಲಿಲ್ಲ.

ಹೋದ ಚಳಿಗಾಲದಲ್ಲಿ ಬೆಂಗಳೂರಿನಿಂದ ಮಗಳು ಫೋನು ಮಾಡಿದಳು. ಮೂಗು ಕಟ್ಟಿ ದನಿಯೇ ಬದಲಾಗಿತ್ತು. ‘ಅವ್ವಾ, ಕಷಾಯಕ್ಕ ಏನೇನ ಹಾಕಲಿ?’

‘ಮೊದಲ ಏನ ಉಂಡೀ ಹೇಳು. ಜ್ವರಾ ಬಂದಾವೇನು? ಎದಿ ಉರಿಯೂದು ಹೆಂಗೈತಿ?’

ಜ್ವರ ಇರಲಿಲ್ಲ. ಎದೆಯುರಿ ಇತ್ತು, ಹೊತ್ತಲ್ಲದ ಹೊತ್ತಿನ ಊಟ, ರಾತ್ರಿಯ ಕೆಲಸ. ಮೆಣಸು ಪೂರಾ ಬಿಡಿಸಿದೆ. ಎರಡು ಚಮಚ ಹವೀಜ, ಒಂದು ಚಮಚ ಜೀರಿಗೆ, ಹಸಿಶುಂಠಿಯ ಒಂದು ತೆಳು ಬಿಲ್ಲೆ, ಎರಡು ಲೋಟ ನೀರು ಒಂದಕ್ಕೆ ಬರಬೇಕು, ಒಲೆ ಆರಿಸಿ ಐದಾರು ತುಳಸಿ ಎಲೆ ಹರಿದು ಹಾಕಿ ಮುಚ್ಚಿಡು, ಏನಾದರೂ ತಿಂದ ಮೇಲೆಯೇ ಕುಡಿ, ದಿನಕ್ಕೆ ಎರಡು ಸಲ ಸಾಕು ಎಂದೆ. ಎಲ್ಲ ಬರೆದುಕೊಂಡಳು.

‘ಪಾಪೂಗೂ ನೆಗಡಿ ಆಗೇತಿ. ಜೇನು ಹಾಕಿ ಒಂದು ಚಮಚ ಅದಕ್ಕೂ ಕುಡಿಸ್ಲಾ?’

ಮೊಮ್ಮಗನಿಗೆ ಎಂಟು ತಿಂಗಳು. ‘ಬ್ಯಾಡ. ಕಷಾಯಾನೂ ಬ್ಯಾಡ, ಜೇನಂತೂ ವರ್ಷ ತುಂಬೂತನಕ ನಾಲಿಗಿಗೆ ಸೋಂಕಿಸಬ್ಯಾಡ. ಎದಿಹಾಲು ಕುಡಸ್ಕೋತ ಇರು’ ಎಂದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಹಸುಗೂಸಿನ ಬಾಯಿಗೆ ಜೇನು ಹಚ್ಚುವ ನಮ್ಮ ಹಳೆಯ ರೂಢಿಯನ್ನು ನಾನು ಈ ಕಾರಣಕ್ಕೇ ಬಿಟ್ಟಿದ್ದೇನೆ, ಬಿಡಿಸಿಯೂ ಇದ್ದೇನೆ. ಆಮೇಲೆ ಅಂಗಿ ಎತ್ತಿ ಪಕ್ಕೆಲುಬಿನ ಕೆಳಗೆ ಚರ್ಮ ಒಳಗೆ ಎಳೆಯುತ್ತದೆಯೇ ನೋಡು, ನಿದ್ದೆಯಲ್ಲಿದ್ದಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸು ಎಂದು ಹೇಳಿಕೊಟ್ಟೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕೂ ಹೆಚ್ಚು ಉಸಿರಾದರೆ ತಡಮಾಡದೆ ಡಾಕ್ಟರರ ಹತ್ತಿರ ಓಡಬೇಕು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಬಂತು.

‘ಮೂವತ್ತಾರು ಅವ್ವಾ. ಚರ್ಮ ಎಳಿಯೂದಿಲ್ಲ. ಆರಾಮ ಮಲಗ್ಯಾನ.’

‘ಹಂಗಾದ್ರ ಸಂಜಿಗೆ ಇನ್ನೊಮ್ಮೆ ಎಣಸು. ಈಗ ನಿಂದು ಆರೂದರೊಳಗ ಕುಡಿ’ ಎಂದೆ.